ಪಿಕಪ್ಪಿನ ಕೆಳಗೆ ಮಧುಸೂದನ್

ಹೊಟ್ಟೆಕಿಚ್ಚು ಪಡುವುದಕ್ಕೂ ಒಂದು ಅಂತಸ್ತು ಬೇಕು. ಸಿಂಗಪುರದಲ್ಲಿರುವ ನನ್ನ ಗೆಳೆಯರೆಲ್ಲ ಅವರವರ ಅಂತಸ್ತಿಗೆ ತಕ್ಕಂತೆ ಹೊಟ್ಟೆಕಿಚ್ಚು ಪಡುತ್ತಾರೆ. ಒಬ್ಬನಿಗೆ ಇನ್ನೊಬ್ಬನ ಕಾಂಡೋ ಫ್ಲ್ಯಾಟಿನ ಮೇಲೆ, ಮತ್ತೊಬ್ಬನಿಗೆ ತನ್ನ ನಂತರ ಬಂದವನಿಗೆ ತನಗಿಂತ ಮೊದಲೇ ಪಿಆರ್ ಎಂಬ ಕಾಯಂ ವಾಸದ ಪರವಾನಗಿ ಸಿಕ್ಕಿತಲ್ಲ ಎಂಬುದರ ಮೇಲೆ. ಇವೆಲ್ಲ ನಾಲ್ಕು ಜನ ಸೇರಿದಾಗ ಹೇಳಿಕೊಂಡು ಹಗುರಾಗಬಹುದಾದ ಸಂಕಟಗಳು. ನನ್ನದನ್ನು ಹಾಗೆ ಹೇಳಿಕೊಳ್ಳುವಂತಿಲ್ಲ. ಒಬ್ಬ ಮನುಷ್ಯ ಭಾನುವಾರ ಬೆಳಿಗ್ಗೆ ನಮ್ಮ ಹಳೆಯ ಪಿಕಪ್ಪಿನ ಕೆಳಗೆ ಅಂಗಾತ ಮಲಗಿದ್ದ, ಆ ಜಾಗದಲ್ಲಿ ನಾನು ಮಲಗಿರಲಿಲ್ಲ ಎಂಬುದೇ ನನ್ನ ದುಃಖ. ಕೇಳಿದವರು ಯಾರಾದರೂ ಏನೆಂದುಕೊಂಡಾರು?

ಪಿಕಪ್ ನನ್ನದಲ್ಲ, ನನ್ನ ಹೆಂಡತಿ ಗಿರಿಜಾಳದು. ಗದಗಿನ ಕಡೆಯ ನಾವು ಇಲ್ಲಿಗೆ ಬಂದಾಗ ಅವಳು ಅಕ್ಕಪಕ್ಕದ ನಾಲ್ಕು ಕನ್ನಡ ಮನೆಗಳಿಗೆ ಜೋಳದ ರೊಟ್ಟಿ ಮಾಡಿಕೊಡುತ್ತಿದ್ದಳು. ಅದು ಬೆಳೆದು ಬೆಳೆದು ಈಗ ಆಂಗ್ ಮೋ ಕಿಯೋದ ಇಂಡಸ್ಟ್ರಿಯಲ್ ಕಟ್ಟಡವೊಂದರಲ್ಲಿ ಅಡಿಗೆಮನೆ, ಇಬ್ಬರು ಕೆಲಸದವರು, ಮತ್ತು ಊಟ ಸಾಗಿಸಲು ಈ ಪಿಕಪ್. ಇಲ್ಲಿ ಹತ್ತು ವರ್ಷ ದಾಟಿದ ವಾಹನವನ್ನು ಜನ ಮುದುಕನೆಂದು ಬೀಳ್ಕೊಡುತ್ತಾರೆ. ನಮ್ಮದು ಆ ವಯಸ್ಸನ್ನು ಯಾವಾಗಲೋ ದಾಟಿ, ಪರ್ಮಿಟ್ ನವೀಕರಿಸಿಕೊಂಡು, ಹಿಂದೆ ಸ್ಟೀಲ್ ಪಾತ್ರೆಗಳನ್ನು ಗಲಗಲ ಎನ್ನಿಸುತ್ತ ಓಡಾಡಿಕೊಂಡಿದೆ. ಗಿರಿಜಾ ಅದನ್ನು ‘ಗಾಡಿ’ ಎಂದಷ್ಟೇ ಕರೆಯುತ್ತಾಳೆ. ಆದರೆ ಆ ‘ಗಾಡಿ’ಯಲ್ಲಿ ಇರುವ ಅಕ್ಕರೆ ‘ಏನ್ರೀ’ಯಲ್ಲಿ ಇಲ್ಲ. ಅದನ್ನೂ ನಾನು ಸಹಿಸಿಕೊಂಡಿದ್ದೆ.

ನನ್ನ ಕೆಲಸದ ಬಗ್ಗೆ ಒಂದು ಮಾತು ಹೇಳಲೇಬೇಕು, ಇಲ್ಲದಿದ್ದರೆ ನನ್ನ ಗಾಯದ ಆಳ ನಿಮಗೆ ತಿಳಿಯುವುದಿಲ್ಲ. ಜುರಾಂಗ್ ಐಲ್ಯಾಂಡಿನ ಒಂದು ಕಾರ್ಖಾನೆಯಲ್ಲಿ ನಾನು ನಡುಕದ ತಜ್ಞ. ಮನೆಯಷ್ಟು ದೊಡ್ಡ ಪಂಪುಗಳಿಗೆ ಒಂದು ಯಂತ್ರ ಹಚ್ಚಿ, ಅವು ಎಲ್ಲಿ ಎಷ್ಟು ನಡುಗುತ್ತಿವೆ ಎಂದು ನೋಡಿ, ಯಾವ ಬೇರಿಂಗ್ ಯಾವಾಗ ಕೈಕೊಡುತ್ತದೆಂದು ಹೇಳುವುದು ನನ್ನ ಅನ್ನ. ಅಲ್ಲಿ ಎಲ್ಲರೂ ನನ್ನನ್ನು ಡಾಕ್ಟರ್ ಎನ್ನುತ್ತಾರೆ. ಅಂಥವನ ಮನೆಯ ವಾಹನದ ಸ್ಟೇರಿಂಗ್ ನಡುಗತೊಡಗಿದಾಗ ಆ ಸುದ್ದಿ ನನಗೆ ತಲುಪಿದ್ದು ಹೇಗೆಂದು ಕೇಳಿ. ಕನ್ನಡದವರ ಕೂಟವೊಂದರಲ್ಲಿ ಉಪ್ಪಿಟ್ಟಿನ ತಟ್ಟೆ ಹಿಡಿದು ನಿಂತಿದ್ದೆ. ಮೈಸೂರಿನ ಮಧುಸೂದನ್ ಎಂಬ ಸಾಫ್ಟ್‌ವೇರ್ ಮನುಷ್ಯ ಹತ್ತಿರ ಬಂದು, “ಸಾರ್, ಮೇಡಂ ಗಾಡಿ ವಾಬಲ್ ಈಗ ಹೇಗಿದೆ? ಕಡಿಮೆ ಆಯ್ತಾ?” ಎಂದು ಕೇಳಿದ. ಯಾವ ವಾಬಲ್ ಎಂದು ನನಗೆ ಗೊತ್ತಿರಲಿಲ್ಲ. “ಪರವಾಗಿಲ್ಲ” ಎಂದೆ.

ಮನೆಗೆ ಬಂದು ಗಿರಿಜಾಳನ್ನು ಕೇಳಿದೆ. “ಗಾಡಿ ನಡುಗೋದು ಅವನಿಗೆ ಗೊತ್ತೈತಿ, ನನಗ್ಯಾಕ ಗೊತ್ತಿಲ್ಲ?”

“ಹೇಳಿದ್ನಲ್ರೀ. ಐವತ್ತು ದಾಟಿದ ಕೂಡ್ಲೇ ಸ್ಟೇರಿಂಗ್ ಕುಣಿತೈತಿ, ರೊಟ್ಟಿ ಬಡಿದಂಗ ಆಗ್ತೈತಿ ಅಂತ. ನೀವು ಫೋನ್ ನೋಡಕೋತ ಹ್ಞೂಂ ಅಂದ್ರಿ.”

“ಮತ್ತ ಅವನಿಗೆ?”

“ಅವರು ಫೋನ್ ಜೇಬಿನಾಗ ಇಟ್ಟು ಕೇಳಿದ್ರು.”

ಹೈಸ್ಕೂಲಿಗೆ ಹೋಗುವ ನಮ್ಮ ಮಗಳು ಅನು ಪುಸ್ತಕದಿಂದ ತಲೆಯೆತ್ತದೆ, “ಅಪ್ಪಾ ಜೆಲಸ್ ಲಾ” ಎಂದಳು. ಮಕ್ಕಳನ್ನು ಇಲ್ಲಿಯ ಶಾಲೆಗೆ ಹಾಕಿದರೆ ಶಿಸ್ತು ಬರುತ್ತದೆ ಎಂದು ಯಾರೋ ಹೇಳಿದ್ದರು.

ಮಧುಸೂದನ್ ಕೆಟ್ಟವನಾಗಿದ್ದರೆ ನನಗೆಷ್ಟೋ ಅನುಕೂಲವಾಗುತ್ತಿತ್ತು. ಅವನು ವಾರವೆಲ್ಲ ಬ್ಯಾಂಕೊಂದರ ಸಾಫ್ಟ್‌ವೇರ್ ತಿದ್ದಿ, ಶನಿವಾರ ಭಾನುವಾರ ಗಾಡಿ ರಿಪೇರಿಯ ವಿಡಿಯೋ ನೋಡುವ ಸಾಧು ಪ್ರಾಣಿ. ಅವನ ಹೆಂಡತಿ ತನ್ನ ಕಾರಿನ ಬಾನೆಟ್ಟನ್ನು ಅವನಿಗೆ ಮುಟ್ಟಲು ಬಿಡುವುದಿಲ್ಲವಂತೆ. ಹಾಗಾಗಿ ಊರವರ ಗಾಡಿಗಳ ಮೇಲೆ ಅವನಿಗೆ ಮಮತೆ. ಸಣ್ಣಗೆ, ಬೆಳ್ಳಗೆ, ತಲೆತುಂಬ ಕೂದಲು. ಅದಕ್ಕಿಂತ ನನ್ನನ್ನು ಚುಚ್ಚುತ್ತಿದ್ದುದು ಗಿರಿಜಾಳ ಭಾಷೆ. ನನ್ನೊಡನೆ “ಲಗೂನ ಬರ್ರಿ” ಎನ್ನುವವಳು ಅವನ ಎದುರು “ಬನ್ನಿ, ಕೂತ್ಕೊಳ್ಳಿ, ಕಾಫಿ ತಗೋತೀರಾ” ಎಂದು ಮೈಸೂರಿನ ಮೆತ್ತನೆಯ ಕನ್ನಡಕ್ಕೆ ಇಳಿಯುತ್ತಿದ್ದಳು. ಮದುವೆಯಾದಾಗಿನಿಂದ ನನಗೆ ಅಂಥ ಒಂದು ‘ಕೂತ್ಕೊಳ್ಳಿ’ ಸಿಕ್ಕಿಲ್ಲ.

ನಾನು ಕೈಕಟ್ಟಿ ಕೂರಲಿಲ್ಲ. ಫೋನಿನಲ್ಲಿ ನಡುಕ ಅಳೆಯುವ ಆ್ಯಪ್ ಹಾಕಿಕೊಂಡು, ಫೋನನ್ನು ಡ್ಯಾಶ್‌ಬೋರ್ಡಿಗೆ ಟೇಪಿನಿಂದ ಅಂಟಿಸಿ, ಗಿರಿಜಾಳಿಗೆ ಗಾಡಿ ಓಡಿಸಲು ಹೇಳಿದೆ. ರಾತ್ರಿ ಲ್ಯಾಪ್‌ಟಾಪಿನಲ್ಲಿ ಗ್ರಾಫ್ ತೆಗೆದು ತೋರಿಸಿದೆ. ಚಕ್ರ ಒಂದು ಸುತ್ತು ತಿರುಗಿದಾಗ ಒಂದು ಏಟು ಬೀಳುತ್ತಿದೆ, ಆದ್ದರಿಂದ ಟೈರಿನ ತೂಕ ಒಂದು ಕಡೆ ಹೆಚ್ಚಾಗಿದೆ, ಬ್ಯಾಲೆನ್ಸ್ ಮಾಡಿಸಿದರೆ ಮುಗಿಯಿತು. ಗಿರಿಜಾ ಗ್ರಾಫನ್ನು ಗೌರವದಿಂದ ನೋಡಿದಳು. ಬ್ಯಾಲೆನ್ಸ್ ಮಾಡಿಸಿದೆವು. ಒಂದೆರಡು ದಿನ ಅವಳು “ಸ್ವಲ್ಪ ಕಡಿಮಿ ಆಗೈತಿ” ಎಂದಳು. ಅದು ಗಾಡಿಯ ಬಗ್ಗೆ ಹೇಳಿದ್ದಲ್ಲ, ನನ್ನ ಬಗ್ಗೆ ಕನಿಕರದಿಂದ ಹೇಳಿದ್ದು ಎಂದು ಮೂರನೆಯ ದಿನ ತಿಳಿಯಿತು. ಅಂದು ಅವಳೇ, “ಭಾನುವಾರ ಮಧು ಅವರು ಬಂದು ನೋಡ್ತಾರಂತ” ಎಂದಳು.

ಭಾನುವಾರ ಅಡಿಗೆಮನೆಯ ಹಿಂದೆ, ಸಾಮಾನು ಇಳಿಸುವ ಕಟ್ಟೆಯ ಪಕ್ಕ ಮಧುಸೂದನ್ ಯೋಗಾಸನದ ಚಾಪೆ ಹಾಸಿದ. ಟಾರ್ಚ್ ಹಿಡಿದು ಪಿಕಪ್ಪಿನ ಕೆಳಗೆ ಸರಿದು, “ಸಾರ್, ಒಂದು ಹೆಲ್ಪ್. ನೀವು ಒಳಗೆ ಕೂತು ಸ್ಟೇರಿಂಗನ್ನ ಲೈಟಾಗಿ ಆ ಕಡೆ ಈ ಕಡೆ ಅಲ್ಲಾಡಿಸ್ತಾ ಇರಿ. ಯಾವ ಜಾಯಿಂಟ್ ಲೂಸ್ ಇದೆ ಅಂತ ಕೆಳಗಿಂದ ಕಾಣುತ್ತೆ” ಎಂದ. ವಿಧಾನ ಸರಿಯಾದದ್ದೇ. ಸರಿಯಾಗಿದ್ದುದೇ ನನಗೆ ಕಷ್ಟವಾಯಿತು. ಹತ್ತಿ ಕುಳಿತು ಅಲ್ಲಾಡಿಸತೊಡಗಿದೆ. ಗಿರಿಜಾ ತಾನೂ ನೋಡುತ್ತೇನೆಂದು ಸೆರಗು ಸಿಕ್ಕಿಸಿ ಪಕ್ಕದಲ್ಲಿ ಮಂಡಿಯೂರಿ ಬಗ್ಗಿದಳು.

ಓದುಗರೇ, ಆ ದೃಶ್ಯವನ್ನು ಸ್ವಲ್ಪ ಊಹಿಸಿಕೊಳ್ಳಿ. ಪಂಪುಗಳ ಡಾಕ್ಟರು ಎಂಜಿನ್ ಆಫ್ ಆದ ಗಾಡಿಯಲ್ಲಿ ಮಕ್ಕಳ ಆಟದ ಕಾರಿನಲ್ಲಿ ಕುಳಿತವನಂತೆ ಸ್ಟೇರಿಂಗನ್ನು ಎಡಕ್ಕೆ ಬಲಕ್ಕೆ ತಿರುಗಿಸುತ್ತಿದ್ದಾನೆ. ಅವನ ಪಾದಗಳ ಕೆಳಗಿನಿಂದ, ಕಬ್ಬಿಣದ ನೆಲದ ಆಚೆಯಿಂದ, ಅವನ ಹೆಂಡತಿಯ ಮತ್ತು ಇನ್ನೊಬ್ಬ ಗಂಡಸಿನ ಮಾತು ಕೇಳಿಸುತ್ತಿದೆ. “ಇಲ್ಲಿ ನೋಡಿ ಮೇಡಂ.” “ಹೌದಲ್ವಾ.” “ಬೆರಳಿಟ್ಟು ನೋಡಿ, ಟಕ್ ಅನ್ನುತ್ತೆ.” “ಅಯ್ಯೋ, ಹೌದು.” ಆಮೇಲೆ ಏನೋ ಪಿಸುಮಾತು, ಗಿರಿಜಾಳ ನಗು. ನನ್ನ ಕೈ ತಾನಾಗಿ ನಿಂತಿತು.

“ನಿಲ್ಲಿಸಬ್ಯಾಡ್ರಿ,” ಕೆಳಗಿನಿಂದ ಅಪ್ಪಣೆಯಾಯಿತು. ನಾನು ಮತ್ತೆ ಅಲ್ಲಾಡಿಸಿದೆ.

ಮಧುಸೂದನ್ ಹೊರಬಂದು ತೀರ್ಪು ಕೊಟ್ಟ. ಸ್ಟೇರಿಂಗಿನಿಂದ ಚಕ್ರಕ್ಕೆ ಹೋಗುವ ಕಂಬಿಗೆ ಟೈ ರಾಡ್ ಎನ್ನುತ್ತಾರೆ, ಅದರ ತುದಿಯಲ್ಲಿ ನಮ್ಮ ಮಂಡಿಯಂಥ ಒಂದು ಕೀಲು ಇರುತ್ತದೆ, ಬಲಗಡೆಯ ಆ ಕೀಲು ಸವೆದಿದೆ. ನಾನು ಒಪ್ಪಲಿಲ್ಲ. ಕೀಲು ಅಲ್ಪಸ್ವಲ್ಪ ಸವೆದಿರಬಹುದು, ಆದರೆ ಮೂಲ ಟೈರಿನಲ್ಲಿದೆ. ಮುಂದಿನ ಚಕ್ರಗಳನ್ನು ಹಿಂದಕ್ಕೆ, ಹಿಂದಿನವನ್ನು ಮುಂದಕ್ಕೆ ಹಾಕಿ ನೋಡೋಣ, ನಡುಕ ಸ್ಟೇರಿಂಗ್ ಬಿಟ್ಟು ಸೀಟಿಗೆ ಬಂದರೆ ಟೈರೇ ಅಪರಾಧಿ ಎಂದೆ. ಅವನು ವಾದಿಸಿದ್ದರೆ ಒಂದು ಜಗಳವಾಡಿ ಹಗುರಾಗುತ್ತಿದ್ದೆ. ಅವನು, “ಒಳ್ಳೆ ಐಡಿಯಾ ಸಾರ್, ಅದನ್ನೂ ನೋಡಿಬಿಡೋಣ” ಎಂದು ಜಾಕ್ ತಂದ.

ಬಲಗಡೆಯ ಚಕ್ರಗಳು ಅವನಿಗೆ, ಎಡಗಡೆಯವು ನನಗೆ ಎಂದು ಹಂಚಿಕೊಂಡೆವು. ನಾನು ಎಡ ಮುಂದಿನ ಚಕ್ರ ಏರಿಸಿ ನಟ್ಟುಗಳನ್ನು ಕೈಯಿಂದ ತಿರುಗಿಸಿ ಕೂರಿಸಿ, ಇನ್ನು ಸ್ಪ್ಯಾನರಿನಿಂದ ಬಿಗಿಮಾಡಬೇಕು ಎನ್ನುವಾಗ ಗಿರಿಜಾ ಮಂಡಕ್ಕಿಯ ಗಿರ್ಮಿಟ್ಟು ಮತ್ತು ಚಹಾ ತಂದಳು. ತಂದವಳು ಮೊದಲು ಬಲಗಡೆಗೆ ಹೋದಳು. ಗಿರ್ಮಿಟ್ಟು ನಮ್ಮ ಊರಿನದು, ಅದರ ಮೇಲೆ ಮೊದಲ ಹಕ್ಕು ನನ್ನದು. ಮತ್ತೆ ಆ ನಗು ಕೇಳಿಸಿತು. ನಾನು ಸ್ಪ್ಯಾನರ್ ಕೆಳಗಿಟ್ಟು ಗಾಡಿ ಸುತ್ತಿ ಆ ಕಡೆ ಹೋದೆ.

“ಏನು ವಿಷಯ?” ಎಂದೆ.

“ಏನಿಲ್ಲ ಬಿಡ್ರಿ,” ಎಂದಳು ಗಿರಿಜಾ. ನನಗೆ ಅರ್ಧ ತಟ್ಟೆ ಗಿರ್ಮಿಟ್ಟು ಸಿಕ್ಕಿತು. ಅವನದು ತುಂಬಿತ್ತು. ತಿಂದು ಮುಗಿಸಿ, ಜಾಕ್ ಇಳಿಸಿ, ಸಾಮಾನು ಎತ್ತಿಟ್ಟು, ಇಂಡಸ್ಟ್ರಿಯಲ್ ಪಾರ್ಕಿನ ಒಳರಸ್ತೆಯಲ್ಲಿ ನಿಧಾನವಾಗಿ ಒಂದು ಸುತ್ತು ಹೊಡೆದೆವು. ಸ್ಟೇರಿಂಗ್ ಬೆಣ್ಣೆಯಂತೆ ಇತ್ತು. ಆ ನಿಧಾನದಲ್ಲಿ ಅದು ಯಾವತ್ತೂ ನಡುಗಿರಲಿಲ್ಲ ಎಂಬುದನ್ನು ನಾನು ಯಾರಿಗೂ ನೆನಪಿಸಲಿಲ್ಲ. “ಆದ್ರೂ ಒಂದ್ಸಲ ವರ್ಕ್‌ಶಾಪಿಗೆ ತೋರಿಸಿಬಿಡಿ ಸಾರ್” ಎಂದ ಮಧುಸೂದನ್. ನೋಡೋಣ ಎಂದೆ, ಗೆದ್ದವರು ಹೇಳುವ ದನಿಯಲ್ಲಿ.

ಮರುದಿನ ಸರ್ಕಾರಿ ರಜೆ. ಟೋವಾ ಪಾಯೋದ ಫ್ಲ್ಯಾಟುಗಳ ಕೆಳಗಿನ ವಾಯ್ಡ್ ಡೆಕ್ ಒಂದರಲ್ಲಿ ಬೆಳಗಾವಿಯವರ ಮಗುವಿಗೆ ತೊಟ್ಟಿಲು ಶಾಸ್ತ್ರ, ಊಟ ಗಿರಿಜಾಳದು. ನಾನೇ ಓಡಿಸುತ್ತೇನೆಂದು ಹಟ ಹಿಡಿದೆ. ನನ್ನ ಸಿದ್ಧಾಂತ ಸರಿಯಾದದ್ದನ್ನು ಅವಳು ಪಕ್ಕದಲ್ಲಿ ಕುಳಿತು ನೋಡಬೇಕಿತ್ತು. ಹಿಂದೆ ಹೋಳಿಗೆ, ಬದನೆಕಾಯಿ ಪಲ್ಯ, ಅನ್ನ, ಎರಡು ದೊಡ್ಡ ಪಾತ್ರೆ ಕಟ್ಟಿನ ಸಾರು. ಎಕ್ಸ್‌ಪ್ರೆಸ್‌ವೇ ಹತ್ತಿ ವೇಗ ಐವತ್ತು ದಾಟಿತು. ಏನೂ ಆಗಲಿಲ್ಲ. “ನೋಡು” ಎಂದೆ. ಅಷ್ಟರಲ್ಲಿ ಫ್ಲೈಓವರಿನ ಜಾಯಿಂಟಿನ ಮೇಲೆ ಚಕ್ರ ಧಡ್ ಎಂದಿತು, ಸ್ಟೇರಿಂಗ್ ನನ್ನ ಕೈಯಲ್ಲಿ ಹಾವಿನಂತೆ ಒದ್ದಾಡತೊಡಗಿತು. ಮುಂದಿನ ಗಾಜು, ಬಾನೆಟ್ಟು, ನನ್ನ ಹಲ್ಲು, ಎಲ್ಲವೂ ಅಲುಗಿದವು. ಹಿಂದೆ ಪಾತ್ರೆ ಉರುಳಿದ ಸದ್ದು. ಪಕ್ಕದ ಲೇನಿನಲ್ಲಿ ಒಂದು ಬಸ್ಸು. ಆ ಹೊತ್ತಿನಲ್ಲಿ ನನ್ನೊಳಗೆ ಯಾವ ಗ್ರಾಫೂ ಇರಲಿಲ್ಲ, ಪಕ್ಕದಲ್ಲಿ ಇವಳಿದ್ದಾಳೆ ಎಂಬುದೊಂದೇ ಇತ್ತು.

“ಬ್ರೇಕ್ ಒತ್ತಬ್ಯಾಡ್ರಿ,” ಎಂದಳು ಗಿರಿಜಾ. ಒಲೆ ಸಣ್ಣ ಮಾಡಿ ಎಂದು ಕೆಲಸದವರಿಗೆ ಹೇಳುವ ದನಿ ಅದು. “ಆ್ಯಕ್ಸಿಲರೇಟರ್ ಬಿಡ್ರಿ. ಗಟ್ಟಿ ಹಿಡ್ಕೊಂಡು ಹಂಗ ಎಡಕ್ಕ ತಗೋರಿ.”

ಹಾಗೆಯೇ ಮಾಡಿದೆ. ತೆವಳಿಕೊಂಡು ಮುಂದಿನ ಎಕ್ಸಿಟ್ಟಿನಲ್ಲಿ ಇಳಿದು, ಒಂದು ಬಸ್ ಸ್ಟಾಪಿನಾಚೆ ನಿಲ್ಲಿಸಿದೆ. ಇಳಿದು ಹಿಂದೆ ಹೋಗಿ ನೋಡಿದೆ. ಸಾರಿನ ಒಂದು ಪಾತ್ರೆ ಪೂರ್ತಿ ಚೆಲ್ಲಿತ್ತು. ಹೋಳಿಗೆ ಉಳಿದಿತ್ತು. ಗಿರಿಜಾ ನನ್ನ ಬೆನ್ನ ಮೇಲೆ ಕೈಯಿಟ್ಟಳು. ಆಮೇಲೆ, “ಮಧು ಅವರಿಗೆ ಫೋನ್ ಹಚ್ರಿ. ಅವರ ಮನಿ ಇಲ್ಲೇ ಸನೇದಾಗ ಐತಿ” ಎಂದಳು. ಟ್ಯಾಕ್ಸಿ ಬುಕ್ ಮಾಡುತ್ತೇನೆ ಎಂದೆ. ಅವಳು ನನ್ನನ್ನು ನೋಡಿದಳು. ಫೋನ್ ಹಚ್ಚಿದೆ.

ಅವನು ಹೆಂಡತಿಯ ಕಾರು ತಂದ. ಅದರ ಶುಭ್ರವಾದ ಸೀಟಿನ ಮೇಲೆ ಪೇಪರ್ ಹಾಸಿ ಪಾತ್ರೆಗಳನ್ನಿಟ್ಟುಕೊಂಡ. ಏನಾಯಿತೆಂದು ಒಂದು ಮಾತು ಕೇಳಲಿಲ್ಲ, “ಮೊದಲು ಮಗು ಊಟ ಮುಗೀಲಿ ಸಾರ್” ಎಂದಷ್ಟೇ ಹೇಳಿದ. ಮಗುವಿಗೆ ಇನ್ನೂ ಹಲ್ಲೇ ಬಂದಿರಲಿಲ್ಲ, ಆದರೆ ಗಿರಿಜಾಳಿಗೆ ಆ ಮಾತು ಹಿಡಿಸಿತು. ಅವಳು ಮುಂದಿನ ಸೀಟಿನಲ್ಲಿ ಕುಳಿತಳು. ಕಾರು ಒಂದಿಷ್ಟೂ ನಡುಗದೆ ಹೊರಟುಹೋಯಿತು. ಪಿಕಪ್ಪನ್ನು ಎಳೆದೊಯ್ಯುವ ರಿಕವರಿ ಗಾಡಿ ಬರುವವರೆಗೆ ನಾನು ಸಾರಿನ ವಾಸನೆಯ ನಡುವೆ ನಿಂತು, ಅವರು ಹೋದ ದಾರಿಯನ್ನು ನೋಡುತ್ತಿದ್ದೆ. ಜೀವ ಉಳಿದ ಸಮಾಧಾನ ಅಷ್ಟು ಬೇಗ ಹೊಟ್ಟೆಕಿಚ್ಚಾಗಿ ತಿರುಗುತ್ತದೆಂದು ನನಗೆ ಗೊತ್ತಿರಲಿಲ್ಲ.

ಮಾರನೆಯ ದಿನ ಸಂಜೆ ಕೆಲಸ ಮುಗಿಸಿ ಮೂವರೂ ವರ್ಕ್‌ಶಾಪಿಗೆ ಹೋದೆವು. ಅಲ್ಲಿಯ ಚೀನೀ ಅಂಕಲ್ ಗಾಡಿಯನ್ನು ಮೇಲೆತ್ತಿ, ಬಲಗಡೆಯ ಟೈ ರಾಡ್ ತುದಿಯನ್ನು ಹಿಡಿದು ಅಲ್ಲಾಡಿಸಿ ತೋರಿಸಿದ. ಮಧುಸೂದನ್ ಹೇಳಿದ್ದೇ ಸರಿ. ನಾನು ದೂರಿದ್ದ ಟೈರು ಒಂದು ಅಂಚಿನಲ್ಲಿ ಸವೆದಿದ್ದೂ ನಿಜ, ಆದರೆ ಅದು ಕೀಲಿನಿಂದಾಗಿ ಸವೆದದ್ದು. ಅಷ್ಟಕ್ಕೇ ಮುಗಿದಿದ್ದರೆ ಸೋತೆನೆಂದು ಸುಮ್ಮನಾಗುತ್ತಿದ್ದೆ. ಅಂಕಲ್ ಎಡ ಮುಂದಿನ ಚಕ್ರಕ್ಕೆ ಬಂದು, ನಟ್ಟನ್ನು ಎರಡು ಬೆರಳಿನಿಂದ ತಿರುಗಿಸಿ, ನಮ್ಮ ಕಡೆ ನೋಡಿದ. “ದಿಸ್ ಒನ್ ಹೂ ಡು? ನೆವರ್ ಟೈಟನ್. ಲಕ್ಕಿ ವೀಲ್ ನೆವರ್ ಡ್ರಾಪ್.”

ನಿನ್ನೆಯ ಕುಣಿತಕ್ಕೆ ಕಾರಣ ಅದು. ಸ್ಪ್ಯಾನರ್ ಕೆಳಗಿಟ್ಟು ಗಿರ್ಮಿಟ್ಟಿನ ಕಡೆ ನಡೆದ ನನ್ನ ಕಾಲುಗಳು ನನಗೆ ಕಣ್ಣಿಗೆ ಕಟ್ಟಿದಂತೆ ಕಂಡವು. ಹೇಳಲೆಂದು ಬಾಯಿ ತೆರೆದೆ.

“ಮೀ, ಅಂಕಲ್,” ಎಂದ ಮಧುಸೂದನ್. ಗಿರಿಜಾಳ ಕಡೆ ತಿರುಗಿ, “ಸಾರಿ ಮೇಡಂ. ಎಲ್ಲಾ ನಟ್ ಲಾಸ್ಟಲ್ಲಿ ನಾನೊಂದ್ಸಲ ಚೆಕ್ ಮಾಡ್ಬೇಕಿತ್ತು. ನಂದೇ ತಪ್ಪು” ಎಂದ. ನನ್ನ ಕಡೆ ಅವನು ನೋಡಲೇ ಇಲ್ಲ. ನೋಡಿದ್ದರೆ ಕ್ಷಮಿಸಿಬಿಡುತ್ತಿದ್ದೆ.

ಎಂಆರ್‌ಟಿ ರೈಲಿನಲ್ಲಿ ಮನೆಗೆ ಹೊರಟೆವು. ಗಿರಿಜಾ ನಿಟ್ಟುಸಿರಿಟ್ಟು, “ಎಂಥಾ ದೊಡ್ಡ ಮನಸು ನೋಡ್ರಿ. ಜೀವದ ಮ್ಯಾಲೆ ಬಂದಿದ್ದ ತಪ್ಪು, ಒಂದು ನೆಪಾ ಹೇಳದ ಒಪ್ಪಿಕೊಂಡ್ರು. ಎಷ್ಟು ಗಂಡಸ್ರು ಹಂಗ ಒಪ್ಕೋತಾರ?” ಎಂದಳು.

ನನ್ನಿಂದ ತಡೆಯಲಾಗಲಿಲ್ಲ. ಗಿರ್ಮಿಟ್ಟು ಹೋಯಿತು, ಟೈ ರಾಡ್ ಹೋಯಿತು, ಮುಂದಿನ ಸೀಟೂ ಹೋಯಿತು. ನಾನು ಸ್ವಂತ ಕೈಯಿಂದ ಮಾಡಿದ್ದೆಂದು ಉಳಿದಿದ್ದ ಒಂದೇ ಒಂದು ತಪ್ಪನ್ನೂ ಅವನು ಹೊಡೆದುಕೊಂಡು, ಅದಕ್ಕೂ ನನ್ನ ಹೆಂಡತಿಯಿಂದ ಹೊಗಳಿಸಿಕೊಳ್ಳುತ್ತಿದ್ದ.

“ಗಿರಿಜಾ, ಆ ನಟ್ ಬಿಗಿ ಮಾಡದ ಬಿಟ್ಟಾಂವ ನಾನು,” ಎಂದೆ. “ಎಡಗಡೆ ನಂದಿತ್ತು.”

ಅವಳು ನನ್ನ ಮುಖವನ್ನು ಒಂದು ಸ್ಟೇಷನ್ನಿನಿಂದ ಇನ್ನೊಂದು ಸ್ಟೇಷನ್ನಿನವರೆಗೆ ನೋಡಿದಳು. “ಇದರಾಗೂ ಅವರ ಜೋಡಿ ಕಾಂಪಿಟಿಶನ್ ಏನ್ರಿ ನಿಮ್ದು?” ಎಂದು ಹೇಳಿ ಕಿಟಕಿಯ ಕಡೆ ತಿರುಗಿದಳು.

ನಂಬದಿದ್ದರೆ ಮಧುಸೂದನ್‌ನನ್ನೇ ಕೇಳು ಎನ್ನಬಹುದಿತ್ತು. ಕೇಳುತ್ತಾಳೆ. ಅವನು “ಇಲ್ಲ ಮೇಡಂ, ನಾನೇ” ಎನ್ನುತ್ತಾನೆ, ಅವನ ಮನಸ್ಸು ಇನ್ನಷ್ಟು ದೊಡ್ಡದಾಗುತ್ತದೆ. ನಾನು ಕೈಯಲ್ಲಿದ್ದ ಫೋನನ್ನು ಜೇಬಿನಲ್ಲಿಟ್ಟು ಅವಳ ಕಡೆ ತಿರುಗಿ ಕುಳಿತೆ.