ಕೊನೆಯ ಗೇಟ್ ಪಾಸು

ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಿಗ್ಗೆ ಅವಳನ್ನು ಎಬ್ಬಿಸಿದ್ದು ದುಃಖವಲ್ಲ, ಕರೆಗಂಟೆ. ಬಾಗಿಲು ತೆರೆದರೆ ಎದುರುಮನೆಯ ಹಲ್ಲಿನ ಡಾಕ್ಟರು ನಿಂತಿದ್ದರು. ಮುಖದ ತುಂಬ ಸೋಪಿನ ನೊರೆ, ಅರ್ಧಕ್ಕೇ ಸುಣ್ಣ ಬಳಿದು ಬಿಟ್ಟ ಗೋಡೆಯ ಹಾಗೆ.

"ಬೇಜಾರು ಮಾಡ್ಕೋಬೇಡಿ ಮೇಡಂ. ನಲ್ಲೀಲಿ ನೀರು ಬರ್ತಿಲ್ಲ."

"ಯಾಕೆ?"

ಡಾಕ್ಟರು ನೆಲ ನೋಡಿದರು. "ದಿನಾ ಐದೂವರೆಗೆ ಪಂಪು ಅವರೇ ಹಾಕ್ತಿದ್ರು. ಟ್ಯಾಂಕಲ್ಲಿ ಉಳಿದಿದ್ದ ನೀರು ಇವತ್ತಿಗೆ ಮುಗೀತು."

ಆರು ವರ್ಷ ಸಂಸಾರ ಮಾಡಿದರೂ ಅವಳಿಗೆ ಇದು ಗೊತ್ತಿರಲಿಲ್ಲ. ಬೆಳಗಾಗುವ ಮೊದಲೇ ಮಗ್ಗುಲು ಖಾಲಿಯಾಗುತ್ತಿದ್ದದ್ದು ಗೊತ್ತಿತ್ತು. ವಾಕಿಂಗ್ ಹೋಗುತ್ತಾನೆ ಎಂದುಕೊಂಡಿದ್ದಳು.

ಮೂರು ಮಹಡಿ ಇಳಿದು ಪಂಪು ಹಾಕಿದಳು. ಲಿಫ್ಟು ಎರಡು ವರ್ಷದ ಹಿಂದೆ ಎರಡನೇ ಮಹಡಿಗೂ ಮೂರನೇ ಮಹಡಿಗೂ ನಡುವೆ ನಿಂತದ್ದು, ಯಾರ ಪಕ್ಷ ಸೇರಬೇಕೆಂದು ತಿಳಿಯದ ನೆಂಟನ ಹಾಗೆ ಇನ್ನೂ ಅಲ್ಲೇ ಇತ್ತು. ಇಪ್ಪತ್ತನಾಲ್ಕು ಮನೆಗಳಲ್ಲಿ ಹದಿನೆಂಟಕ್ಕೆ ಬೀಗ. ಗಾರೆ ಕಳಚಿದ ಕಡೆಯೆಲ್ಲ ಕಬ್ಬಿಣದ ಸರಳು ಕಾಣುತ್ತಿತ್ತು. ಕಟ್ಟಿದವನೇ ರಿಪೇರಿ ಮಾಡಿಕೊಡಲಿ ಎಂದು ಅವಳ ಗಂಡ, ನಿವಾಸಿಗಳ ಸಂಘದ ಕಾರ್ಯದರ್ಶಿ, ನಾಲ್ಕು ವರ್ಷ ಹೋರಾಡಿದ. ಒಂದು ಮಂಗಳವಾರ ಅರ್ಜಿ ಕೊಡುವ ಸಾಲಿನಲ್ಲಿ ನಿಂತಿದ್ದವನು ಎದೆ ಹಿಡಿದುಕೊಂಡು ಕೂತ, ಮತ್ತೆ ಏಳಲಿಲ್ಲ. ಅವನ ಮುಂದಿದ್ದವರು ಇಬ್ಬರೇ.

ಮೆಟ್ಟಿಲು ಹತ್ತುತ್ತ ಹತ್ತುತ್ತ ಅವಳು ತೀರ್ಮಾನ ಮಾಡಿದಳು. ಸಾಕು.

ಮನೆಗೆ ಬಂದು ಅಣ್ಣನಿಗೆ ಫೋನು ಮಾಡಿದಳು. "ಅಣ್ಣಾ, ವ್ಯಾನ್ ಕಳ್ಸು. ನಿಮ್ಮನೆಗೆ ಬಂದ್ಬಿಡ್ತೀನಿ."

"ಅದನ್ನೇ ತಾನೇ ಆರು ದಿನದಿಂದ ಹೇಳ್ತಿರೋದು? ನಾಲ್ಕು ಗಂಟೆಗೆ ಬರತ್ತೆ. ಕಟ್ಟಿಟ್ಕೋ."

ಗೇಟಿನಲ್ಲಿ ವಾಚ್‌ಮನ್‌ಗೆ ವಿಷಯ ಹೇಳಿದಾಗ ಅವನು ಎದ್ದು ನಿಂತು ಟೋಪಿ ಸರಿಮಾಡಿಕೊಂಡ.

"ಪಾಸ್ ಅಮ್ಮಾ?"

ಸಾಮಾನು ಹೊರಗೆ ಹೋಗಬೇಕಾದರೆ ಕಾರ್ಯದರ್ಶಿಯ ಸಹಿ, ಸೀಲು ಇರುವ ಪಾಸು ಬೇಕು. ಈ ನಿಯಮ ತಂದವನು ಅವಳ ಗಂಡನೇ. ಹೋಗೋರು ನನ್ನ ಕಣ್ಣು ನೋಡಿ ಹೋಗ್ಲಿ ಎನ್ನುತ್ತಿದ್ದ. ಅಂದಿನಿಂದ ಒಬ್ಬರೂ ಹೋಗಿರಲಿಲ್ಲ.

"ಕಾರ್ಯದರ್ಶಿಗಳು ತೀರ್ಕೊಂಡ್ರಲ್ಲಪ್ಪಾ. ನೀನೂ ಬಂದಿದ್ಯಲ್ಲ?"

"ಬಂದಿದ್ದೆ ಅಮ್ಮಾ. ಅತ್ತೂ ಇದ್ದೆ. ಆದ್ರೆ ಸಹಿ ಬೇಕು."

ಸರಿ, ಯಾರಾದರೂ ಒಂದು ದಿನದ ಮಟ್ಟಿಗೆ ಕಾರ್ಯದರ್ಶಿಯಾದರೆ ಮುಗಿಯಿತಲ್ಲ ಎಂದು ಅವಳು ಮನೆ ಮನೆ ಹತ್ತಿ ಇಳಿದಳು. ಹಲ್ಲಿನ ಡಾಕ್ಟರು ಎರಡೂ ಕೈ ಎತ್ತಿಬಿಟ್ಟರು. "ದಿನಾ ಜನರ ಬಾಯೊಳಗೆ ಕೈ ಹಾಕ್ತೀನಿ ಮೇಡಂ, ಹೆದರಲ್ಲ. ಸಂಘದ ಬಾಯೊಳಗೆ ಹಾಕಿದ್ರೆ ಬೆರಳು ವಾಪಸ್ ಬರಲ್ಲ."

ಟೈಲರ್ ಅಕ್ಕ ಬಾಯಲ್ಲಿದ್ದ ಗುಂಡುಪಿನ್ನುಗಳನ್ನು ಒಂದೊಂದಾಗಿ ತೆಗೆದು ಮಾತಾಡಿದಳು. "ನಂಗೆ ಅಳತೆ ತೆಗೆಯೋದು ಬಿಟ್ರೆ ಏನು ಬರತ್ತೆ ತಂಗೀ? ಅಂದ್ಹಾಗೆ ನಿನ್ನ ರವಿಕೆ ತೋಳು ಸಡಿಲ ಆಗಿದೆ. ಊಟ ಮಾಡ್ತಿದ್ಯಾ ಇಲ್ವಾ?"

ಇಬ್ಬರು ಅಣ್ಣತಮ್ಮಂದಿರು ಮಾತು ಬಿಟ್ಟು ಎದುರುಬದುರಾಗಿ ಇದ್ದರು. ಅಣ್ಣ ತಮ್ಮನನ್ನು ತೋರಿಸಿದ, ತಮ್ಮ ಅಣ್ಣನನ್ನು. ನೆಲಮಹಡಿಯ ರಿಟೈರ್ಡ್ ಮೇಷ್ಟ್ರು ಮಾತ್ರ ಕನ್ನಡಕ ಹಾಕಿಕೊಂಡು ನಿಯಮದ ಪುಸ್ತಕವನ್ನೇ ತೆಗೆದರು.

"ಹೀಗೆಲ್ಲ ಬೀದೀಲಿ ಹುಡುಕೋ ಹಾಗಿಲ್ಲ ಮಗೂ. ಸಭೆ ಕರೀಬೇಕು. ಐದು ಮನೆಯೋರು ಸೇರಿದ್ರೆ ಸಭೆ. ಮೂರು ಗಂಟೆಗೆ ಪಂಪಿನ ಕೋಣೆ ಮುಂದೆ."

ಮೂರಕ್ಕೆ ಐದೂ ಮನೆಯವರು ಬಂದರು. ಮಾತು ಬಿಟ್ಟ ಅಣ್ಣತಮ್ಮಂದಿರೂ ಒಂದೇ ಬೆಂಚಿನ ಎರಡು ತುದಿಯಲ್ಲಿ ಕೂತರು. ಮೇಷ್ಟ್ರು ಎದ್ದು ಗಂಟಲು ಸರಿಮಾಡಿಕೊಂಡರು.

"ಆ ಪುಣ್ಯಾತ್ಮ ಹೊತ್ತಿಸಿದ ದೀಪ ಆರಬಾರ್ದು. ಅದನ್ನ ಹಿಡಿಯೋಕೆ ಯೋಗ್ಯತೆ ಇರೋದು ಒಬ್ರಿಗೇ."

ಐದೂ ಕೈ ಒಟ್ಟಿಗೆ ಮೇಲೆದ್ದವು. ಅವಳು ಹಿಂದಕ್ಕೆ ತಿರುಗಿ ನೋಡಿದಳು. ಹಿಂದೆ ಯಾರೂ ಇರಲಿಲ್ಲ.

"ನಾನಾ? ನಾನು ಹೊರಟಿದೀನಲ್ಲ..."

"ಎಲ್ಲಿಗೆ ಹೋಗ್ತೀಯ ತಂಗೀ?" ಟೈಲರ್ ಅಕ್ಕ ಅವಳ ಕೈ ಹಿಡಿದುಕೊಂಡಳು. "ಅಣ್ಣನ ಮನೇಲಿ ಒಂದು ಮೂಲೆ ಸಿಗತ್ತೆ. ಇಲ್ಲಿ ನಾವಿದೀವಿ."

"ನಾವೆಲ್ಲ ನಿಮ್ಮ ಬೆನ್ನಿಗಿದೀವಿ ಮೇಡಂ," ಎಂದರು ಡಾಕ್ಟರು. ನೊರೆ ತೊಳೆದ ಮುಖ ನೋಡಿದರೆ ನಂಬಬಹುದು ಎನ್ನಿಸುವ ಹಾಗಿತ್ತು.

ಆರು ದಿನದಲ್ಲಿ ಎಷ್ಟೋ ಜನ ಅವಳ ಕೈ ಹಿಡಿದಿದ್ದರು. ಇಲ್ಲಿದ್ದು ಏನಾದರೂ ಮಾಡು ಎಂದವರು ಒಬ್ಬರೂ ಇರಲಿಲ್ಲ. ಅಳು ಬರಲಿಲ್ಲ. ಆದರೆ ಎದೆಯೊಳಗೆ ಮರಗಟ್ಟಿದ್ದದ್ದು, ಕಾಲು ಜೋಮು ಬಿಡುವಾಗಿನಂತೆ, ಚುಳುಚುಳು ಎಂದಿತು. ಅವಳು ಪಂಪಿನ ಕೋಣೆಯ ಹಿಂದೆ ಹೋಗಿ ಫೋನು ಮಾಡಿದಳು.

"ಅಣ್ಣಾ, ವ್ಯಾನ್ ಬೇಡ."

"ತಲೆ ನೆಟ್ಟಗಿದ್ಯಾ? ಆ ಬೀಳೋ ಮನೇಲಿ ಏನಿದೆ ಅಂತ?"

"ಜನ ಇದಾರೆ ಅಣ್ಣಾ."

ಅವಳು ವಾಪಸು ಬರುವಷ್ಟರಲ್ಲಿ ಆ ಜನ ಸಾಲಾಗಿ ನಿಂತಿದ್ದರು. ಪ್ರತಿಯೊಬ್ಬರ ಕೈಯಲ್ಲೂ ಒಂದೊಂದು ಪಾಸು. ಮಂಚ, ಬೀರು, ಹೊಲಿಗೆ ಯಂತ್ರ, ಹಲ್ಲು ಕೀಳುವ ಕುರ್ಚಿ, ಎಲ್ಲವನ್ನೂ ಅಚ್ಚುಕಟ್ಟಾಗಿ ಬರೆದಿಟ್ಟಿದ್ದರು. ಖಾಲಿ ಇದ್ದದ್ದು ಸಹಿಯ ಜಾಗ ಒಂದೇ.

"ತಪ್ಪು ತಿಳ್ಕೋಬೇಡಿ ಮೇಡಂ," ಡಾಕ್ಟರು ಪೆನ್ನಿನ ಮುಚ್ಚಳ ತೆಗೆದುಕೊಟ್ಟರು. "ಆರು ದಿನದಿಂದ ಲಾರಿಯವನಿಗೆ ನಾಳೆ ನಾಳೆ ಅಂತಿದೀನಿ."

"ಅವರು ಇರೋವಾಗ ಕೇಳೋಕೆ ಮುಖಾನೇ ಇರ್ಲಿಲ್ಲ ತಂಗೀ," ಎಂದಳು ಟೈಲರ್ ಅಕ್ಕ. "ಆ ಕಣ್ಣು ನೋಡಿದ್ರೆ ಮಾತೇ ಹೊರಡ್ತಿರ್ಲಿಲ್ಲ."

"ನನ್ನ ಕಣ್ಣು?"

ಟೈಲರ್ ಅಕ್ಕ ಪಾಸಿನ ಮೇಲೆ ಬೆರಳಿಟ್ಟು ಸಹಿಯ ಜಾಗ ತೋರಿಸಿದಳು.

ಅವಳು ಸಹಿ ಹಾಕಿದಳು. "ತಾರೀಕು ಮರೆತೆ ಮಗೂ," ಎಂದು ಮೇಷ್ಟ್ರು ತಿದ್ದಿಸಿದರು. ಅಣ್ಣತಮ್ಮಂದಿರು ಒಂದೇ ಲಾರಿ ಹತ್ತಿದರು, ಒಬ್ಬ ಮುಂದೆ, ಒಬ್ಬ ಹಿಂದೆ. ಬೆನ್ನಿಗಿದ್ದೇವೆ ಎಂದಿದ್ದ ಐವರ ಬೆನ್ನನ್ನೂ ಅವಳು ಒಂದೊಂದಾಗಿ ನೋಡಿದಳು. ಐದೂಮುಕ್ಕಾಲಿಗೆ ಇಪ್ಪತ್ತನಾಲ್ಕು ಮನೆಯ ಕಟ್ಟಡದಲ್ಲಿ ಉಳಿದದ್ದು ಅವಳು, ಸೀಲು, ತುಂಬಿ ಹರಿಯುತ್ತಿದ್ದ ನೀರಿನ ಟ್ಯಾಂಕು. ಪಂಪು ಎಷ್ಟು ಹೊತ್ತಿಗೆ ಆರಿಸಬೇಕೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಪಂಪು ಆರಿಸಿ, ಆರನೆಯ ಪಾಸು ಬರೆದುಕೊಂಡು ಗೇಟಿಗೆ ಹೋದಳು. ವಾಚ್‌ಮನ್ ಅದನ್ನು ಹಿಂದೆಮುಂದೆ ನೋಡಿ ವಾಪಸು ಕೊಟ್ಟ.

"ತಮ್ಮ ಪಾಸಿಗೆ ತಾವೇ ಸಹಿ ಹಾಕೋ ಹಾಗಿಲ್ಲ ಅಮ್ಮಾ. ಬೇರೆ ಕಾರ್ಯದರ್ಶಿ ಹಾಕ್ಬೇಕು."

"ಬೇರೆ ಕಾರ್ಯದರ್ಶಿ ಆಗ್ಬೇಕಾದ್ರೆ?"

"ಐದು ಮನೆಯೋರು ಇರ್ಬೇಕು." ಅವನು ಕಟ್ಟಡದ ಕಡೆ ನೋಡಿದ. ಅವಳೂ ನೋಡಿದಳು. "ಸಾಹೇಬ್ರಿಗೂ ಇದೇ ತೊಂದ್ರೆ ಆಗಿತ್ತು."

"ಯಾವ ಸಾಹೇಬ್ರು?"

"ನಮ್ಮ ಸಾಹೇಬ್ರು. ಹೋದ ತಿಂಗಳು ನನ್ನ ಟ್ರಂಕು ಇಸ್ಕೊಂಡು ಹೋದ್ರು. ಟ್ರಂಕು ನಿಂದು, ನಿನ್ನ ಹೆಸರಲ್ಲೇ ಪಾಸು ಬರೀತೀನಿ, ಒಳಗೆ ಏನಿದೆ ಅಂತ ಕೇಳ್ಬೇಡ ಅಂದ್ರು. ನಾಲ್ಕು ಸಲ ಆದ್ರೆ ಮನೆ ಖಾಲಿ, ಇಬ್ರೂ ಹೊರಟುಹೋಗ್ತೀವಿ, ಸಾಕಾಗಿದೆ ಕಣಯ್ಯಾ ಅಂದ್ರು."

"ನಂಗೆ ಹೇಳ್ಲಿಲ್ಲ."

"ನಿಮಗೆ ಹೇಳೋಕೆ ಹೆದರ್ತಿದ್ರು. ಅವಳು ನನ್ನ ಹೋರಾಟಗಾರ ಅಂದ್ಕೊಂಡಿದಾಳೆ ಅಂತಿದ್ರು."

ನಾಲ್ಕು ವರ್ಷ ಅವಳು ಹೊರಡೋಣ ಎಂದು ಹೇಳದೆ ನುಂಗಿಕೊಂಡಿದ್ದಳು. ಹೇಳಿದರೆ ಅವನು ಮುರಿದುಹೋಗುತ್ತಾನೆಂದು.

"ಅಮ್ಮಾ," ವಾಚ್‌ಮನ್ ಗಡಿಯಾರ ನೋಡಿಕೊಂಡ. "ಆರಕ್ಕೆ ನನ್ನ ಡ್ಯೂಟಿ ಮುಗೀತು. ಒಂದೇ ಮನೆಗೆ ಕಾವಲು ಬೇಡ ಅಂತ ಕಂಪನಿಯೋರು ಬೇರೆ ಕಡೆ ಹಾಕಿದಾರೆ. ಗೇಟಿನ ಬೀಗದ ಕೈ ಕಾರ್ಯದರ್ಶಿ ಹತ್ರ ಇರ್ಬೇಕು, ತಗೊಳ್ಳಿ. ಆ ಟ್ರಂಕು ಒಂದು ಕೊಟ್ಟುಬಿಟ್ರೆ..."

ಟ್ರಂಕು ಅಟ್ಟದ ಮೇಲೆ ಹಳೆಯ ಹಾಸಿಗೆಯ ಹಿಂದಿತ್ತು. ಮುಚ್ಚಳ ತೆಗೆದಳು. ಅವಳ ಸ್ವೆಟರು, ಅವನ ಸ್ವೆಟರು, ಒಂದರ ತೋಳಿನೊಳಗೆ ಒಂದು ಮಡಚಿಟ್ಟಿತ್ತು. ಬಟ್ಟೆ ಮಡಚಲು ಅವನಿಗೆ ಎಂದೂ ಬರುತ್ತಿರಲಿಲ್ಲ. ಕಲಿತಿರಬೇಕು. ಓಡಿಹೋಗುವುದಾದರೆ ಇಬ್ಬರೂ ಓಡಬೇಕಿತ್ತು. ಒಬ್ಬಳೇ ಓಡುವುದಕ್ಕೆ ಇಷ್ಟು ದೊಡ್ಡ ಟ್ರಂಕು ಯಾಕೆ? ಸ್ವೆಟರುಗಳನ್ನು ಹಾಗೆಯೇ, ಬಿಡಿಸದೆ, ಮಂಚದ ಮೇಲಿಟ್ಟಳು. ಟ್ರಂಕಿನ ಒಳಗೆ ಒರೆಸಿದಳು. ಮೂರು ಮಹಡಿ ಹೊತ್ತು ಇಳಿಸಿದಳು.

"ಅಮ್ಮಾ, ನನಗೂ ಒಂದು ಪಾಸು," ಎಂದ ವಾಚ್‌ಮನ್, ನಾಚಿಕೊಂಡು. "ನಿಯಮ ನಿಯಮ."

ವಿವರದ ಜಾಗದಲ್ಲಿ 'ಟ್ರಂಕು ಒಂದು, ಖಾಲಿ' ಎಂದು ಬರೆದಳು. ಸಹಿ ಹಾಕಿ, ತಾರೀಕು ಮರೆಯದೆ ಹಾಕಿ, ಸೀಲು ಒತ್ತಿ, ಟ್ರಂಕನ್ನು ಅವನ ಕೈಗೆ ಕೊಟ್ಟಳು.