ಮೂರಡಿ ಎತ್ತರದಲ್ಲಿ ಕೂತ ಕರಡಿಗಳ ಬಗ್ಗೆ

ನಮ್ಮ ಬೀದಿ ತುದಿಯ ದೊಡ್ಡ ಅಂಗಡಿಯಲ್ಲಿ ಯಾವ ಸರಕು ಯಾವ ಹಲಗೆಯ ಮೇಲೆ ಕೂರಬೇಕೆಂದು ತೀರ್ಮಾನಿಸುವ ಮಾನ್ಯರೇ,

ತಮ್ಮ ಹೆಸರು ತಿಳಿಯದಿದ್ದರೂ ತಮ್ಮ ಕೈಚಳಕಕ್ಕೆ ವಾರಕ್ಕೊಮ್ಮೆ ತಪ್ಪದೆ ತಲೆಬಾಗುವ ನಿವೃತ್ತ ದರ್ಜಿಯೊಬ್ಬನ ವಂದನೆಗಳು. ನಲವತ್ತು ವರ್ಷ ಊರವರ ಅಳತೆ ತೆಗೆದವನು ನಾನು. ಆದರೂ ಟೇಪು ಮುಟ್ಟದೆ ಗಿರಾಕಿಯ ಅಳತೆ ತೆಗೆಯುವ ತಮ್ಮ ವಿದ್ಯೆಯ ಮುಂದೆ ನನ್ನದು ಏನೇನೂ ಅಲ್ಲ.

ಮೊನ್ನೆ ನನ್ನಾಕೆ ಬಟ್ಟೆ ಸೋಪು ತರಲು ಕಳಿಸಿದಳು. ಜೊತೆಗೆ ನಾಲ್ಕು ವರ್ಷದ ಮೊಮ್ಮಗಳೂ ಹೊರಟಳು. ದುಬಾರಿ ಸೋಪುಗಳು ನನ್ನ ಕಣ್ಣ ನೇರಕ್ಕೇ ನಿಂತು ಬೀಗರನ್ನು ಎದುರುಗೊಳ್ಳುವಂತೆ ಎದುರುಗೊಂಡವು. ನಮ್ಮ ಮನೆಯ ಅಗ್ಗದ ಸೋಪು ಮಾತ್ರ, ತಮ್ಮ ಕೃಪೆಯಿಂದ, ನೆಲಕ್ಕಂಟಿದ ಹಲಗೆಯ ಮೂಲೆಯಲ್ಲಿ ತಲೆಮರೆಸಿಕೊಂಡಿತ್ತು. ಮಂಡಿಯೂರಿ ಅದನ್ನು ಹಿಡಿದೆ. ಆದರೆ ಮಂಡಿ ನನ್ನನ್ನು ಹಿಡಿದುಕೊಂಡಿತು, ಏಳಲಾಗಲಿಲ್ಲ. ಗಿರಾಕಿಯನ್ನು ಸರಕಿನ ಮುಂದೆ ಮಂಡಿಯೂರಿಸಿದ ಕೀರ್ತಿ ತಮಗೇ ಸಲ್ಲಬೇಕು.

ಕೂತಲ್ಲೇ ತಿರುಗಿದರೆ, ಎದುರು ಸಾಲಿನಲ್ಲಿ, ನೆಲದಿಂದ ಸರಿಯಾಗಿ ಮೂರಡಿ ಎತ್ತರದಲ್ಲಿ, ಸಿಹಿ ಬಿಸ್ಕತ್ತಿನ ಡಬ್ಬಿಗಳ ಮೇಲಿನ ಚಿತ್ರಗಳಿಂದ ಕರಡಿಗಳ ಹಿಂಡೊಂದು ಕಣ್ಣರಳಿಸಿ ನನ್ನನ್ನೇ ನೋಡುತ್ತಿತ್ತು. ಇಷ್ಟು ದಿನ ಅಲ್ಲೇ ನಡೆದಾಡಿದರೂ ನಿಂತವನ ಕಣ್ಣಿಗೆ ಅವು ಬಿದ್ದಿರಲಿಲ್ಲ.

“ತಾತ, ನಿನ್ನೂ ಕರೀತಾ ಇದಾವಾ?” ಎಂದು ಮೊಮ್ಮಗಳು ಮೆಲ್ಲಗೆ ಕೇಳಿದಳು.

ಹಿಂದಿನ ವಾರ ಇದೇ ಜಾಗದಲ್ಲಿ ಅವಳು ನೆಲದ ಮೇಲೆ ಹೊರಳಾಡಿ ಅತ್ತಾಗ, ಹಟಮಾರಿ ಎಂದು ಬೈದು ಎಲ್ಲರೆದುರು ಒಂದೇಟು ಕೊಟ್ಟಿದ್ದೆ. ಅಷ್ಟೂ ಕರಡಿಗಳನ್ನು ಆ ಕೂಸು ವಾರವಾರವೂ ತಾನೊಂದೇ ಎದುರಿಸುತ್ತಿತ್ತೆಂದು ನನಗೇನು ಗೊತ್ತು. ತಪ್ಪಾಯ್ತು ಕಣೇ ಎಂದೆ. “ಆಯ್ತು ಬಿಡು” ಎಂದು ನನ್ನ ಮೊಣಕೈ ಹಿಡಿದು ಎಬ್ಬಿಸಲು ನೋಡಿದಳು.

ಆದ್ದರಿಂದ ಮಾನ್ಯರೇ, ಕರಡಿಗಳನ್ನು ದೊಡ್ಡವರ ಕಣ್ಣೆತ್ತರಕ್ಕೆ ಏರಿಸಬೇಕೆಂದು ಬೇಡುತ್ತೇನೆ. ಅದಾಗದಿದ್ದರೆ ಊರಿನ ಮಕ್ಕಳೆಲ್ಲ ಐದೂವರೆ ಅಡಿ ಬೆಳೆಯುವವರೆಗೆ ಅಂಗಡಿಗೆ ಬೀಗ ಹಾಕಿಸಿ. ಅದೂ ಕಷ್ಟವೆನಿಸಿದರೆ ತಾವೇ ಒಂದು ದಿನ ಮಂಡಿಯ ಮೇಲೆ ಆ ಸಾಲನ್ನು ಈ ತುದಿಯಿಂದ ಆ ತುದಿಗೆ ದಾಟಿ, ಬರಿಗೈಯಲ್ಲಿ, ಅಳದೆ ಹೊರಬನ್ನಿ. ಚಪ್ಪಾಳೆ ತಟ್ಟಲು ನಾವಿಬ್ಬರೂ ಬಾಗಿಲಲ್ಲೇ ಇರುತ್ತೇವೆ.

ಸದ್ಯಕ್ಕೆ ಕುಂಟುತ್ತಿರುವ,
ತಮ್ಮ ವಿಶ್ವಾಸಿ,
ದರ್ಜಿ

ತಾ.ಕ.: ಇಂದು ಬೆಳಿಗ್ಗೆ ಆ ಡಬ್ಬಿಗಳೆಲ್ಲ ಗೋಡೆಗೆ ಮುಖ ಮಾಡಿ ನಿಂತಿದ್ದಕ್ಕೆ ತಾವು ಕೆಲಸದವರನ್ನು ಗದರಿಸಿದಿರಂತೆ. ಪಾಪ, ಅವರ ತಪ್ಪಿಲ್ಲ. ತಿರುಗಿಸಿದವರು ತಮ್ಮ ಕ್ಯಾಮೆರಾಕ್ಕೆ ಸಿಗಲಿಲ್ಲವೆಂದು ಕೇಳಿ ಅಚ್ಚರಿಯಾಯಿತು. ಮೂರಡಿಯವರನ್ನು ಗುರಿಯಿಟ್ಟು ಹಿಡಿಯುವುದರಲ್ಲಿ ತಮ್ಮನ್ನು ಮೀರಿಸುವವರಿಲ್ಲ ಎಂದುಕೊಂಡಿದ್ದೆ.