ಎದುರಿಗೆ ಏನು ಬರುತ್ತದಂತೆ?

ಮನೆ ಕೊಳ್ಳಲು ಹೋದವರು ಗೋಡೆ ತಟ್ಟಿ ನೋಡುತ್ತಾರೆ, ಬಾವಿಗೆ ಬಗ್ಗಿ ನೋಡುತ್ತಾರೆ. ನನಗೆ ಅಷ್ಟು ಜಾಣತನ ಎಲ್ಲಿಂದ ಬರಬೇಕು. ಯಾರ ಮನೆಗೇ ಹೋಗಲಿ, ನನ್ನ ಕಣ್ಣು ಮೊದಲು ಹೋಗುವುದು ಅಂಗಳದ ಗಿಡಗಳ ಕಡೆಗೆ. ಹೊರಡುವಾಗ ಕೈಯಲ್ಲಿ ಒಂದು ಡೇರೆ ಹೂವಿನ ಗೆಡ್ಡೆಯೋ ಕ್ರೋಟನ್ ಕಡ್ಡಿಯೋ ಇಲ್ಲದಿದ್ದರೆ ಆ ಮನೆಯವರ ಜೊತೆ ಏನೋ ಮನಸ್ತಾಪವಾಗಿದೆ ಎಂದೇ ಅರ್ಥ. ನಮ್ಮ ಕಡೆಯ ಹೆಂಗಸರೆಲ್ಲ ಹೀಗೆಯೇ ಎಂದು ನಾನು ಸಮಾಧಾನ ಹೇಳಿಕೊಳ್ಳುತ್ತೇನೆ. ಆದರೆ ಹೊರನಾಡಿನ ಹತ್ತಿರ ಸಾವಿನ ಮನೆಗೆ ಮಾತನಾಡಿಸಲು ಹೋದವಳು ಅಳುತ್ತಲೇ ದಾಸವಾಳದ ಕಡ್ಡಿ ಮುರಿದುಕೊಂಡು ಬಂದದ್ದನ್ನು ನಮ್ಮ ಮನೆಯವರು ಇಂದಿಗೂ ಊಟದ ಹೊತ್ತಿಗೆ ಎತ್ತುತ್ತಾರೆ. ಅಂಥವಳನ್ನು ಮನೆ ನೋಡಲು ಕರೆದುಕೊಂಡು ಹೋದದ್ದು ಅವರದೇ ತಪ್ಪು.

ಹೋಗದೆ ವಿಧಿಯಿರಲಿಲ್ಲ. ನಮ್ಮ ಮನೆಯವರು ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರು. ಮದುವೆಯಾದಾಗಿನಿಂದ ನಾವಿದ್ದದ್ದು ಎಸ್ಟೇಟು ಕೊಟ್ಟ ಮನೆಯಲ್ಲಿ. ಆ ಮಳೆಗಾಲ ಮುಗಿದು ಅವರು ನಿವೃತ್ತರಾದರೆ ಆ ಮನೆಗೆ ಹೊಸ ರೈಟರ್ ಬರುವವರಿದ್ದರು, ನಾವು ಹೊರಗೆ. ಅಷ್ಟರಲ್ಲಿ ಜಾವಳಿ ರಸ್ತೆಯ ಜೀಪ್ ಮೆಕ್ಯಾನಿಕ್ ಹಮೀದಣ್ಣ, ಹಾಸನದಲ್ಲಿರುವ ಮಗಳ ಹತ್ತಿರ ಹೋಗುತ್ತೇನೆಂದು ಮನೆ ಮಾರಾಟಕ್ಕಿಟ್ಟರು. ಮನೆ ಚೆನ್ನಾಗಿತ್ತು. ಅಡುಗೆಮನೆಗೆ ಬೆಳಗಿನ ಬಿಸಿಲು ಬೀಳುತ್ತಿತ್ತು. ತೊಂದರೆ ಇದ್ದದ್ದು ಮನೆಯಲ್ಲಲ್ಲ, ಎದುರಿನ ಖಾಲಿ ಜಾಗದಲ್ಲಿ. ಅಲ್ಲಿ ಸಾಲಾಗಿ ಗೂಟ ನೆಟ್ಟಿದ್ದರು. ಏನೋ ದೊಡ್ಡದು ಬರುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಏನು ಎಂಬುದು ಯಾರಿಗೂ ಗೊತ್ತಿರಲಿಲ್ಲ.

ಹಾಗೆಂದು ಹೇಳುವವರಿಗೇನೂ ಕೊರತೆ ಇರಲಿಲ್ಲ. ಒಂದು ವಾರ ಬಸ್‌ಸ್ಟ್ಯಾಂಡ್ ಬರುತ್ತದೆ ಎಂದಾಯಿತು. ಮನೆ ಮುಂದೆಯೇ ಬಸ್ಸು ಎಂದು ನಮ್ಮ ಮನೆಯವರು ಹಿಗ್ಗಿದರು. ವರ್ಷಕ್ಕೆ ಎರಡು ಸಲ ಬಸ್ಸು ಹತ್ತುವವರಿಗೆ ಅದೇನು ಸಂಭ್ರಮವೋ. ಮುಂಗಡ ಕೊಡೋಣವೆಂದು ಹೊರಟರೆ ಹಮೀದಣ್ಣ ಕುರ್ಚಿ ಎಳೆದು ಕೂರಿಸಿ, "ಬಸ್‌ಸ್ಟ್ಯಾಂಡೇ ಬರೋದಾದ್ರೆ ನಾನ್ಯಾಕೆ ಮಾರ್ಲಿ ರೈಟ್ರೇ? ಮುಂದ್ಗಡೆ ಎರಡು ಅಂಗಡಿ ಹಾಕಿ ಕೂರ್ತೀನಿ" ಎಂದರು. ಮುಂದಿನ ವಾರ, ಅಲ್ಲಿಗೆ ಬರುವುದು ಊರಿನ ಕಸ ಸುರಿಯುವ ಜಾಗವಂತೆ ಎಂಬ ಸುದ್ದಿ ಬಂತು. ಹಮೀದಣ್ಣ ಬೆಳಿಗ್ಗೆಯೇ ನಮ್ಮ ಮನೆಗೆ ಬಂದು, "ತಗೊಳ್ಳಿ ಮಾರಾಯ್ರೆ, ನಿಮಗೋಸ್ಕರ ಸ್ವಲ್ಪ ಕಡಿಮೆ ಮಾಡ್ತೀನಿ" ಎಂದರು. ಆಗ ನಾವು ಆಕಾಶ ನೋಡಿದೆವು. ಆಸ್ಪತ್ರೆ ಎಂದಾಗ ಅವರು ಹಿಂದೆ, ನಾವು ಮುಂದೆ. ಜೈಲು ಎಂದಾಗ ನಾವು ಹಿಂದೆ, ಅವರು ಮುಂದೆ. ಹೆಲಿಕಾಪ್ಟರ್ ಇಳಿಯುವ ಜಾಗ ಎಂದಾಗ ಮಾತ್ರ ಇಬ್ಬರಿಗೂ ಮುಂದೆ ಹೋಗಬೇಕೋ ಹಿಂದೆ ಸರಿಯಬೇಕೋ ತಿಳಿಯಲಿಲ್ಲ. ಅಂಗಳದಲ್ಲಿ ಒಣಹಾಕಿದ ಹಲಸಿನ ಹಪ್ಪಳ ಅದರ ಗಾಳಿಗೆ ಹಾರಿ ದೂರದ ದೇವರಮನೆ ಗುಡ್ಡದ ಮೇಲೆ ಬೀಳುವುದನ್ನು ನೆನೆದು ನಾನು ಎರಡು ದಿನ ಹಪ್ಪಳವನ್ನೇ ಮಾಡಲಿಲ್ಲ.

ಈ ನಡುವೆ ಮಳೆ ಹಿಡಿಯಿತು, ಗೂಟಗಳು ಚಿಗುರಿದವು. ಉತ್ಪ್ರೇಕ್ಷೆಯಲ್ಲ. "ಅಳತೆಯವ್ರು ಗೂಟ ತರೋದು ಮರ್ತು ಬಂದಿದ್ರಕ್ಕ. ನಮ್ಮ ಬೇಲಿ ಹಾಲವಾಣದ್ದೇ ಕೊಂಬೆ ಕಡ್ದು ಹೊಡೆದ್ರು" ಎಂದು ಹಮೀದಣ್ಣ ವಿವರಿಸಿದರು. ಹಾಲವಾಣ ಎಂದರೆ ನಾವು ಕಾಫಿಗೆ ನೆರಳಾಗಲಿ, ಮೆಣಸಿನ ಬಳ್ಳಿಗೆ ಆಸರೆಯಾಗಲಿ ಎಂದು ತೋಟದಲ್ಲಿ ಊರುವ ಮರ. ತಲೆಕೆಳಗಾಗಿ ನೆಟ್ಟರೂ ಬದುಕುತ್ತದೇನೋ ಎಂಬಂಥ ಜಾತಿ. ಮುಂದಿನ ಸಲ ಹೋದಾಗ ಬರಲಿರುವ ಬಸ್‌ಸ್ಟ್ಯಾಂಡಿನದೋ ಜೈಲಿನದೋ ಗಡಿಯೆಲ್ಲ ಎಳೆ ಹಸಿರು ಎಲೆ ಬಿಟ್ಟು ನಿಂತಿತ್ತು. ಚಿಗುರಿದ ಹಾಲವಾಣ ಬಳ್ಳಿಯಿಲ್ಲದೆ ಬರಿಮೈಯಲ್ಲಿ ನಿಂತಿರುವುದನ್ನು ಕಾಫಿ ಸೀಮೆಯ ಯಾರಿಂದಲೂ ನೋಡಲಾಗುವುದಿಲ್ಲ. ನಾನು ಸುಮ್ಮನೆ ಹಮೀದಣ್ಣನ ಹಿತ್ತಲಿನಿಂದ ಕಾಳುಮೆಣಸಿನ ಬಳ್ಳಿಯ ಒಂದು ತುಂಡು ತಂದು, ಅಂಗಳದ ಮೂಲೆಗೆ ತಾಗಿದಂತಿದ್ದ ಗೂಟದ ಬುಡದಲ್ಲಿ ಊರಿ, ಬಾಳೆನಾರಿನಲ್ಲಿ ಕಟ್ಟಿದೆ. ನಮ್ಮದಲ್ಲದ ಮನೆಯ ಬಳ್ಳಿ, ಸರಕಾರದ ಗೂಟ. ನನ್ನದೆಂದರೆ ಬಾಳೆನಾರು ಮಾತ್ರ. ಆಮೇಲೆ ನೋಡಿದರೆ ಉಳಿದ ಗೂಟಗಳಿಗೂ ಅಕ್ಕಪಕ್ಕದವರು ಬಳ್ಳಿ ಹಬ್ಬಿಸಿದ್ದರು. ಒಂದಕ್ಕೆ ಬಸಳೆಯನ್ನೂ ಬಿಟ್ಟಿದ್ದರು.

ಮಳೆ ಕಳೆಯಿತು. ಮನೆ ಬಿಡುವ ದಿನ ಹತ್ತಿರ ಬಂದರೂ ನಮ್ಮ ತೀರ್ಮಾನ ಆಗಿರಲಿಲ್ಲ. ಕೊನೆಗೆ ಕಸದ ಸುದ್ದಿಯೇ ಮತ್ತೆ ಬಲವಾಗಿ, ನಮ್ಮ ಮನೆಯವರು "ಬೇಡವೇ ಬೇಡ. ಪೇಟೆಯಲ್ಲಿ ಬಾಡಿಗೆಗೆ ಹೋಗೋಣ, ಹೇಳಿ ಬಂದುಬಿಡೋಣ ನಡಿ" ಎಂದು ಹೊರಡಿಸಿದರು. ಹೋದರೆ ಅಲ್ಲಿ ಅಳತೆಯವರು ಮತ್ತೆ ಬಂದಿದ್ದರು. ಸರ್ವೆಯರ್ ಟೇಪು ಹಿಡಿದುಕೊಂಡು ತೋಟದೊಳಗೆ ದಾರಿ ತಪ್ಪಿದವರಂತೆ ನಿಂತಿದ್ದರು.

"ಇಲ್ಲಿ ಗೂಟ ಹೊಡ್ದಿದ್ವಲ್ರಿ, ಎಲ್ಲಿ?"

"ದೊಡ್ಡವಾಗಿದಾವೆ ಸಾರ್, ಗುರ್ತು ಸಿಗ್ತಿಲ್ಲ ಅಷ್ಟೆ" ಎಂದರು ಹಮೀದಣ್ಣ.

ಸರ್ವೆಯರಿಗೆ ನಗುವುದೋ ರೇಗುವುದೋ ತಿಳಿಯಲಿಲ್ಲ. ತಮ್ಮ ಗೂಟಗಳನ್ನು ಕಿತ್ತು ಕಲ್ಲು ಹಾಕಬೇಕಿತ್ತು. ಕೀಳಲು ಬಂದವರು ಮೊದಲು ಕೈ ಹಾಕಿದ್ದು ನನ್ನ ಬಳ್ಳಿಯಿದ್ದ ಗೂಟಕ್ಕೆ. ಬಳ್ಳಿ ಆಗಷ್ಟೇ ಬೇರು ಕಚ್ಚಿ ಎರಡು ಹೊಸ ಎಲೆ ಬಿಟ್ಟಿತ್ತು.

"ಅದನ್ನ ಮುಟ್ಬೇಡಿ, ಅದು ಮನೇದು" ಎಂದೆ.

"ಮನೆ ಯಾರದ್ದು?" ಎಂದರು ಸರ್ವೆಯರ್.

ಹಮೀದಣ್ಣ ನನ್ನ ಮುಖ ನೋಡಿದರು. ನಮ್ಮ ಮನೆಯವರು ನೆಲ ನೋಡಿದರು.

"ನಮ್ದೇ" ಎಂದೆ.

"ಹೌದು ಸಾರ್, ರೈಟ್ರು ಮನೆ. ಮುಂಗಡ ಕೊಡೋಕೇ ಬಂದಿದಾರೆ ಈಗ" ಎಂದು ಹಮೀದಣ್ಣ ಉಸಿರು ಬಿಡದೆ ಹೇಳಿದರು. ಸರ್ವೆಯರ್ ಕಾಗದ ನೋಡಿ, ಟೇಪು ಎಳೆದು, ತಮ್ಮ ಗಡಿ ಇನ್ನೂ ಆಚೆಗಿದೆ ಎಂದು ಕಲ್ಲನ್ನು ಅಲ್ಲಿಗೇ ಹಾಕಿಸಿದರು. ಬಳ್ಳಿಯಿದ್ದ ಗೂಟ ಮನೆಯ ಪಾಲಿಗೆ ಉಳಿಯಿತು. ನಮ್ಮ ಮನೆಯವರು ಚೇತರಿಸಿಕೊಂಡು, ಹೋಗಲಿ, ಎದುರಿಗೆ ಬರುವುದಾದರೂ ಏನು ಎಂದು ಕೇಳಿದರು.

"ನಮಗೆ ಅಳತೆ ಮಾತ್ರ ಸಾರ್" ಎಂದರು ಸರ್ವೆಯರ್. "ನಿಮಗೇನಾದ್ರೂ ಗೊತ್ತಾದ್ರೆ ಹೇಳಿ. ನಾನೂ ಈ ಕಡೆನೇ ಒಂದು ಮನೆ ನೋಡ್ತಿದೀನಿ."

ವಾಪಸು ಬರುವಾಗ ನಮ್ಮ ಮನೆಯವರು, "ಬೇಡ ಅಂತ ಹೇಳೋಕೆ ಅಲ್ವೇನೇ ಮಾರಾಯ್ತಿ ನಾವು ಬಂದಿದ್ದು?" ಎಂದರು. ಈಗ ಆ ಮನೆಯಲ್ಲೇ ಇದ್ದೇವೆ. ಎದುರಿಗೆ ಇನ್ನೂ ಏನೂ ಬಂದಿಲ್ಲ. ಅಷ್ಟೊಂದು ಯೋಚಿಸಿ ಈ ಮನೆಯನ್ನೇ ಯಾಕೆ ತೆಗೆದುಕೊಂಡಿರಿ ಎಂದು ಕೇಳಿದವರಿಗೆ ಅಡುಗೆಮನೆಯ ಬಿಸಿಲು, ಬಾವಿಯ ಸಿಹಿನೀರು ಎಂದೆಲ್ಲ ಹೇಳುತ್ತೇನೆ. ನನಗೆ ಬೇಕಾಗಿದ್ದದ್ದು ಒಂದು ಬಳ್ಳಿ, ಮನೆ ಅದರ ಜೊತೆಗೆ ಬಂತು ಎಂದು ಯಾವ ಬಾಯಲ್ಲಿ ಹೇಳಲಿ?